ಮೆಚ್ಚಿನ ಪುಸ್ತಕಕ್ಕೊಂದು ತಕರಾರು

ಊರಿಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳುವುದುಂಟು: "ಮುಂಬಯಿಯಲ್ಲಿದ್ದೂ ಕನ್ನಡ ಪುಸ್ತಕ ಓದ್ತೀರಾ? ಅಬ್ಬ!" ಈ 'ಅಬ್ಬ' ಕೇಳಿದರೆ ನನಗೆ ರೇಗುತ್ತದೆ. ಓದುವುದೇನು ಉಪವಾಸವೇ, ದೂರದಲ್ಲಿದ್ದು ಮಾಡಿದರೆ ಹೆಚ್ಚು ಪುಣ್ಯ ಬರಲಿಕ್ಕೆ? ಆ ಮೆಚ್ಚುಗೆಯ ಬೆನ್ನಿಗೇ ಎರಡನೆಯ ಪ್ರಶ್ನೆ ಬರುತ್ತದೆ. "ನಿಮಗೆ ತುಂಬ ಇಷ್ಟವಾದ ಪುಸ್ತಕ ಯಾವುದು?" ಇದಕ್ಕೆ ಸುಮಾರು ಇಪ್ಪತ್ತು ವರ್ಷ ನನ್ನಲ್ಲಿ ಒಂದೇ ಉತ್ತರವಿತ್ತು: ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'. ಬಾಯಿಪಾಠದ ಹಾಗೆ ಹೇಳಿಬಿಡುತ್ತಿದ್ದೆ. ಕೇಳಿದವರಿಗೂ ಸಮಾಧಾನ, ನನಗೂ ಸಮಾಧಾನ. ಕುಂದಾಪುರದ ಕಡೆಯವನು, ಹೊಟ್ಟೆಪಾಡಿಗೆ ಮುಂಬಯಿ ಸೇರಿದವನು, ಇನ್ನೇನು ಹೇಳಿಯಾನು ಎಂದು ಅವರು ತಲೆಯಾಡಿಸುತ್ತಿದ್ದರು.

ಆ ಉತ್ತರ ಈಗಲೂ ಬದಲಾಗಿಲ್ಲ. ಆದರೆ ಅದನ್ನು ಹೇಳುವಾಗ ಮೊದಲಿನ ಧೈರ್ಯ ಇಲ್ಲ. ಹಾಗೆ ಆಗುವುದಕ್ಕೆ ಡೊಂಬಿವಲಿಯ ನಮ್ಮ ಓದುವ ಗೆಳೆಯರು ಕಾರಣ, ಅದರಲ್ಲೂ ಒಂದು ಹೊಟೇಲಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತ ಒಬ್ಬರು ಕಾರಣ. ಇಷ್ಟದ ಪುಸ್ತಕವನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಅದು ಹೋದ ಹಾಗೇ ವಾಪಸು ಬರುವುದಿಲ್ಲ ಎನ್ನುವುದನ್ನು ನಾನು ಅವರಿಂದ ಕಲಿತೆ.

ನಮ್ಮದು ಸಂಘ ಅಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್ನಿಗೋ ಕರ್ನಾಟಕ ಸಂಘಕ್ಕೋ ಒಳ್ಳೆಯ ಕಾರ್ಯಕ್ರಮ ಇದ್ದಾಗ ಹೋಗುತ್ತಿದ್ದೆವು, ನಿಜ. ಆದರೆ ಡೊಂಬಿವಲಿಯಿಂದ ಮಾಟುಂಗಕ್ಕೆ ಹೋಗಿ ಬರುವುದೆಂದರೆ ಭಾನುವಾರ ಅರ್ಧ ಮುಗಿದಂತೆಯೇ. ಹಾಗಾಗಿ ಹತ್ತಿರದಲ್ಲಿದ್ದ ನಾಲ್ಕೈದು ಮಂದಿ, ತಿಂಗಳಿಗೊಂದು ಭಾನುವಾರ, ಯಾರದಾದರೂ ಮನೆಯಲ್ಲಿ ಸೇರುವುದು ಎಂದು 1991ರ ಸುಮಾರಿಗೆ ಶುರುವಾಯಿತು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಮಾಸ್ತರರು, ಯಜಮಾನರು ರೈಲ್ವೆಯಲ್ಲಿದ್ದ ಧಾರವಾಡದ ಒಬ್ಬ ಅಕ್ಕ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನಾನು, ಆ ಮೇಲೆ ಈ ಗಲ್ಲಾದವರು. ಆಗೊಮ್ಮೆ ಈಗೊಮ್ಮೆ ಬಂದು ಹೋದವರು ಲೆಕ್ಕಕ್ಕಿಲ್ಲ. ನಿಯಮ ಒಂದೇ ಇತ್ತು: ಒಬ್ಬರು ತಮಗೆ ಇಷ್ಟವಾದ ಪುಸ್ತಕದ ಬಗ್ಗೆ ಹೇಳಬೇಕು, ಉಳಿದವರು ಅದನ್ನು ಮನೆಗೆ ಒಯ್ದು ಓದಿ ಬರಬೇಕು. ಒಂದೇ ಪ್ರತಿ, ನಾಲ್ಕು ಮನೆ. ಒಂದು ಪುಸ್ತಕ ಸುತ್ತು ಹೊಡೆದು ಬರುವಷ್ಟರಲ್ಲಿ ಮಳೆಗಾಲ ಕಳೆದಿರುತ್ತಿತ್ತು.

ಅಂಗಡಿಗೆ ಹೋಗಿ ಕನ್ನಡ ಪುಸ್ತಕ ಕೊಳ್ಳುವುದು ನಮಗೆ ಸುಲಭ ಇರಲಿಲ್ಲ. ಊರಿಗೆ ಹೋದಾಗ ತರಬೇಕು, ಇಲ್ಲವೆ ಅಂಚೆಯಲ್ಲಿ ಬರಬೇಕು. ಧಾರವಾಡದ ಮನೋಹರ ಗ್ರಂಥಮಾಲೆಗೆ ಚಂದಾ ಕಟ್ಟಿದವರಿಗೆ ಪುಸ್ತಕ ಮನೆಗೇ ಬರುತ್ತಿತ್ತು. ಅಕ್ಕನ ಮನೆಗೆ ಹಾಗೆ ಬರುತ್ತಿದ್ದ ಕಟ್ಟನ್ನು ಬಿಚ್ಚುವುದಕ್ಕೆ ನಾವು ಹಾಜರಿರುತ್ತಿದ್ದೆವು. ಯಾರ ಹತ್ತಿರ ಯಾವ ಪುಸ್ತಕ ಇದೆ ಎಂದು ಬರೆದಿಡಲು ನಾನೊಂದು ವಹಿ ಇಟ್ಟಿದ್ದೆ. ಬ್ಯಾಂಕಿನ ಅಭ್ಯಾಸ. ಅದು ಈಗಲೂ ಇದೆ.

ಮೊದಲು 'ಶಿಕಾರಿ'ಯ ಜಗಳ ಹೇಳುತ್ತೇನೆ.

ಯಶವಂತ ಚಿತ್ತಾಲರ 'ಶಿಕಾರಿ' ಬಂದದ್ದು 1979ರಲ್ಲಿ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯಲ್ಲೇ ಬದುಕಿ 2014ರಲ್ಲಿ ಅಲ್ಲೇ ತೀರಿಕೊಂಡ ಚಿತ್ತಾಲರು ಪ್ಲಾಸ್ಟಿಕ್ ಉದ್ಯಮದಲ್ಲಿ ದೊಡ್ಡ ಜವಾಬ್ದಾರಿಯಲ್ಲಿದ್ದವರು. ಕಂಪನಿಯ ಒಳಗಿನ ಗಾಳಿ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿತ್ತು. ಕಾದಂಬರಿಯ ನಾಗಪ್ಪ ರಾಸಾಯನಿಕ ಕಂಪನಿಯೊಂದರ ಅಧಿಕಾರಿ. ಹಠಾತ್ತನೆ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ಆರೋಪ ಏನು, ಮಾಡಿದವರು ಯಾರು ಎನ್ನುವುದು ಸ್ಪಷ್ಟವಿಲ್ಲ. ಅಲ್ಲಿಂದ ಮುಂದೆ ಪ್ರತಿ ಫೋನೂ ಪ್ರತಿ ಭೇಟಿಯೂ ಅವನಿಗೆ ಬಲೆಯಂತೆ ಕಾಣುತ್ತದೆ. ಕತೆ ನಾಗಪ್ಪನ ತಲೆಯೊಳಗಿಂದಲೇ ಸಾಗುವುದರಿಂದ ನಿಜವಾಗಿ ಬೇಟೆ ನಡೆಯುತ್ತಿದೆಯೋ ಇಲ್ಲ ಅವನಿಗೆ ಹಾಗೆ ತೋರುತ್ತಿದೆಯೋ ಓದುವವರಿಗೂ ಬಗೆಹರಿಯುವುದಿಲ್ಲ. ವಿಮರ್ಶಕರು ಕಾಫ್ಕಾನ ಹೆಸರು ತಂದರು, ಅಸ್ತಿತ್ವವಾದ ಎಂದರು. ಅದೆಲ್ಲ ಸರಿ ಇರಬಹುದು. ನಾನು ಅದನ್ನು 1986ರಲ್ಲಿ ಮೊದಲ ಸಲ ಓದಿದಾಗ ಬುದ್ಧಿವಂತರ ಕಾದಂಬರಿ ಎನಿಸಿತ್ತು, ಅಷ್ಟೆ. ಅರ್ಧಕ್ಕೆ ಬಿಡದೆ ಮುಗಿಸಿದೆನಲ್ಲ ಎಂಬ ಹೆಮ್ಮೆ ಬೇರೆ.

1993ರಲ್ಲಿ ನಾನಿದ್ದ ಬ್ಯಾಂಕಿನ ಶಾಖೆಯಲ್ಲಿ ಒಂದು ವೋಚರು ಕಾಣೆಯಾಯಿತು. ನನಗೊಂದು ಮೆಮೊ ಬಂತು. ಅದರಲ್ಲಿ ಇಂಥದ್ದು ಮಾಡಿದ್ದೀರಿ ಎಂದು ನೇರವಾಗಿ ಇರಲಿಲ್ಲ, ವಿವರಣೆ ಕೊಡಿ ಎಂದಿತ್ತು. ಯಾವುದಕ್ಕೆ ವಿವರಣೆ? ಹದಿನೇಳು ದಿನ ನಡೆಯಿತು ಅದು. ದಿನಾ ನನ್ನ ಜತೆ ಡಬ್ಬಿ ಬಿಚ್ಚುತ್ತಿದ್ದ ಇಬ್ಬರು ಆ ದಿನಗಳಲ್ಲಿ ಬೇರೆ ಮೇಜಿಗೆ ಹೋದರು. ಕೊನೆಗೆ ಆ ವೋಚರು ಬೇರೆ ತಾರೀಖಿನ ಕಟ್ಟಿನಲ್ಲಿ ಸಿಕ್ಕಿತು. ಯಾರೂ ತಪ್ಪಾಯಿತು ಅನ್ನಲಿಲ್ಲ. ಡಬ್ಬಿಯವರು ವಾಪಸು ಬಂದು ಕೂತು, ನನಗೊಂದು ಉಪ್ಪಿನಕಾಯಿ ಹೋಳು ಹಾಕಿದರು.

ಆ ಹದಿನೇಳು ದಿನಗಳಲ್ಲಿ ನಾನು 'ಶಿಕಾರಿ'ಯನ್ನು ಎರಡನೆಯ ಸಲ ಓದಿದೆ, ಲೋಕಲ್ ಟ್ರೈನಿನಲ್ಲಿ ನಿಂತುಕೊಂಡು. ಆಗ ಕಂಡದ್ದು ಕಂಪನಿಯ ರಾಜಕೀಯ ಅಲ್ಲ. ಊರಿನಲ್ಲಿ ಯಾರಾದರೂ ನಿಮ್ಮನ್ನು ಕಳ್ಳ ಅಂದರೆ, "ಏ, ಅವನು ಇಂಥವರ ಮಗ, ಹಾಗೆ ಮಾಡುವವನಲ್ಲ" ಅನ್ನುವುದಕ್ಕೆ ನಾಲ್ಕು ಜನ ಇರುತ್ತಾರೆ. ಹಾಗೇ "ಇಂಥವರ ಮಗನಲ್ಲವಾ, ಮಾಡಿಯೇ ಇರುತ್ತಾನೆ" ಅನ್ನುವವರೂ ನಾಲ್ಕು ಜನ ಇರುತ್ತಾರೆ ಅನ್ನಿ. ಮುಂಬಯಿಯಲ್ಲಿ ಎರಡೂ ಇಲ್ಲ. ನಿಮ್ಮ ಗುರುತು ನಿಮ್ಮ ನೌಕರಿ. ಆ ನೌಕರಿಯೇ ನಿಮ್ಮ ಮೇಲೆ ಸಂಶಯಪಟ್ಟರೆ ನಿಮ್ಮ ಪರವಾಗಿ ಸಾಕ್ಷಿ ಹೇಳಲು ನಿಮ್ಮ ನೆನಪಲ್ಲದೆ ಬೇರೇನೂ ಇರುವುದಿಲ್ಲ. ನಾಗಪ್ಪ ಮತ್ತೆ ಮತ್ತೆ ಹನೇಹಳ್ಳಿಯ ಬಾಲ್ಯಕ್ಕೆ ಹೋಗುವುದು ಊರಿನ ಹಂಬಲದಿಂದ ಅಲ್ಲ. ತಾನು ಯಾರೆಂದು ಹೇಳುವ ಸಾಕ್ಷಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಅಲ್ಲಿ ಸಿಗುವುದೂ ಸಾವು, ಅನಾಥತನ. ಊರನ್ನು ಅಷ್ಟು ನೆನೆಯುವ, ಆದರೂ ಊರಿನಲ್ಲಿ ತಂಪು ಕಾಣದ ಕಾದಂಬರಿ ನಮ್ಮಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ.

ಇಷ್ಟನ್ನೂ ನಾನು ಆ ಭಾನುವಾರ ಸ್ವಲ್ಪ ಗದ್ಗದಿಸಿಕೊಂಡೇ ಹೇಳಿದೆ ಅನಿಸುತ್ತದೆ. ಪುಸ್ತಕ ಸುತ್ತು ಹೋಗಿ ಬಂತು. ಅಕ್ಕ ಮೊದಲು ಬಾಯಿ ಬಿಟ್ಟರು. "ನೀವು ಏನ ಹೇಳ್ರಿ, ಆ ನಾಗಪ್ಪಗ ತನ್ನ ಬಿಟ್ಟರ ಬ್ಯಾರೆ ಯಾರೂ ಕಾಣೂದಿಲ್ಲ. ಅಷ್ಟು ಹೆಣ್ಮಕ್ಕಳು ಬರ್ತಾರ ಕಾದಂಬರಿಯೊಳಗ, ಒಬ್ಬಾಕೀಗೂ ತಂದಽ ಆದ ಚಿಂತಿ ಇಲ್ಲೇನು? ಎಲ್ಲಾರೂ ಇವನ್ನ ಹಿಡೀಲಿಕ್ಕೇ ಹುಟ್ಟ್ಯಾರ?" ಮಾಸ್ತರರು ಭಾಷೆ ಬಿಗಿಯಾಯಿತು ಎಂದರು. ಗಲ್ಲಾದವರು ಚಾ ಮುಗಿಸಿ, ಲೋಟ ಕೆಳಗಿಟ್ಟು ಹೇಳಿದರು: "ಕಾಣಿ ಬ್ಯಾಂಕಿನೋರೆ, ಪುಸ್ತಕ ಲಾಯ್ಕಿತ್ತ್. ಆದ್ರೆ ಆ ಮನುಷ್ಯನಿಗೆ ಹೆದರಿಕೆ ಶುರುವಾದದ್ದು ಅಷ್ಟು ದೊಡ್ಡ ಕುರ್ಚಿಯಲ್ಲಿ ಕೂತ್ಕಂಡ ಮೇಲೆ. ನಂಗೆ ಅದು ಹನ್ನೆರಡನೇ ವರ್ಷಕ್ಕೇ ಆಯ್ತ್. ಹೊಸ ಹೆದರಿಕೆ ಅಂತ ಎಂತದೂ ಕಾಣ್ಲಿಲ್ಲ ನಂಗೆ ಅದರಲ್ಲಿ."

ಅವರು ಹನ್ನೆರಡನೆಯ ವಯಸ್ಸಿಗೆ ಫೋರ್ಟಿನ ಒಂದು ಹೊಟೇಲಿಗೆ ಕಪ್ಪು ಬಸಿ ತೊಳೆಯಲು ಬಂದವರು. ಹೊಟೇಲು ಮುಚ್ಚಿದ ಮೇಲೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಮಾಡಿದವರು. ಮುಂಬಯಿಯ ಆ ರಾತ್ರಿ ಶಾಲೆಗಳ ಬಗ್ಗೆ ಊರಿನವರಿಗೆ ಹೆಚ್ಚು ಗೊತ್ತಿಲ್ಲ. ಹಗಲೆಲ್ಲ ಮೇಜು ಒರೆಸಿದ ಹುಡುಗರು ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತ ಹಳಗನ್ನಡ ಪದ್ಯ ಬಿಡಿಸಿದ ಶಾಲೆಗಳವು. ನಮ್ಮ ಗಲ್ಲಾದವರಿಗೆ ಓದಿನ ಚಟ ಹತ್ತಿದ್ದು ಅಲ್ಲೇ.

ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ 'ಶಿಕಾರಿ' ದೊಡ್ಡ ಕಾದಂಬರಿ ಎಂದೇ ನನ್ನ ಅಭಿಪ್ರಾಯ. ಆದರೆ ಅದರ ಭಯಕ್ಕೊಂದು ಸಂಬಳದ ದರ್ಜೆ ಇದೆ ಎನ್ನುವುದನ್ನು ನಾನು ಓದಿದ ಯಾವ ವಿಮರ್ಶೆಯಲ್ಲೂ ಕಂಡಿರಲಿಲ್ಲ. ಡೊಂಬಿವಲಿಯ ಒಂದು ಹಾಲ್-ಕಿಚನ್ ಮನೆಯಲ್ಲಿ ಕೇಳಿದೆ.

ಜಯಂತ ಕಾಯ್ಕಿಣಿಯವರ ಕತೆಗಳಿಗೆ ಬಂದಾಗ ಪಾತ್ರ ಅದಲುಬದಲಾಯಿತು. ಅವರನ್ನು ನಮ್ಮ ಗುಂಪಿಗೆ ತಂದದ್ದು ಗಲ್ಲಾದವರೇ. ಗೋಕರ್ಣದಿಂದ ಬಂದು ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತ ಕಾಯ್ಕಿಣಿಯವರು ಮುಂಬಯಿಯ ಕತೆಗಳನ್ನು ಬರೆದರು. 'ದಗಡೂ ಪರಬನ ಅಶ್ವಮೇಧ', 'ಅಮೃತಬಳ್ಳಿ ಕಷಾಯ', ಆ ಮೇಲೆ 2005ರಲ್ಲಿ 'ತೂಫಾನ್ ಮೇಲ್'. ಚಿತ್ತಾಲರ ಮುಂಬಯಿಯಲ್ಲಿ ಅಪರಿಚಿತನೆಂದರೆ ಅಪಾಯ. ಕಾಯ್ಕಿಣಿಯವರಲ್ಲಿ ಅಪರಿಚಿತನೇ ನೆಂಟ. 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಹುಡುಗ ಹುಡುಗಿ ತಮ್ಮ ಮದುವೆ ಕಾಗದ ಅಚ್ಚು ಹಾಕಿಸಲು ಹೊರಡುತ್ತಾರೆ. ಕಾಗದದಲ್ಲಿ ಹೆಸರುಗಳ ಮುಂದೆ ಏನು ಬರೆಸುವುದು ಎಂಬುದೇ ಅಲ್ಲಿಯ ಸಂಕಟ. ಮದುವೆ ಕಾಗದದಲ್ಲಿ ಮನೆತನದ ಹೆಸರುಗಳನ್ನು ಸಾಲಾಗಿ ತುಂಬುವ ನಾವು ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ನಾನು ತಕರಾರು ತೆಗೆದೆ. ಇವರ ಕತೆಗಳಲ್ಲಿ ಎಲ್ಲರ ನೋವಿಗೂ ಯಾರೋ ಒಬ್ಬರು ಬಂದು ಕೈ ಹಿಡಿಯುತ್ತಾರೆ, ಮುಂಬಯಿ ಅಷ್ಟು ಮೆತ್ತಗಿಲ್ಲ, ಓದುವಾಗ ಗಂಟಲು ಕಟ್ಟುತ್ತದೆ, ಆದರೆ ಮುಗಿದ ಮೇಲೆ ನಮಗೆ ಏನೋ ರಿಯಾಯಿತಿ ಸಿಕ್ಕ ಹಾಗಿರುತ್ತದೆ ಎಂದೆ. ಇದು ಒಂದಿಷ್ಟು ನಿಜ ಎಂದು ಈಗಲೂ ಅನ್ನಿಸುತ್ತದೆ. ಗಲ್ಲಾದವರು ಕೇಳಿಸಿಕೊಂಡು ಮರುದಿನ ಸಂಜೆ ಹೊಟೇಲಿಗೆ ಬರಲು ಹೇಳಿದರು. ಹೋದೆ. ಗಲ್ಲಾದ ಕೆಳಗೊಂದು ಹಲಗೆ. ಅದರ ಮೇಲೆ ಗಿರಾಕಿಗಳು ಮರೆತು ಹೋದ ಸಾಮಾನು: ಕೊಡೆಗಳು, ಓದುವ ಕನ್ನಡಕಗಳು, ಒಂದು ಊಟದ ಡಬ್ಬಿ, ಮಗುವಿನ ಒಂದು ಬೂಟು. ಒಂದೊಂದಕ್ಕೂ ತಾರೀಖು ಬರೆದ ಚೀಟಿ. ಕಾಯ್ಕಿಣಿಯವರ 'ಒಪೆರಾ ಹೌಸ್' ಕತೆಯಲ್ಲಿ ಸಿನಿಮಾ ಥಿಯೇಟರಿನ ಕಸ ಗುಡಿಸುವ ಇಂದ್ರನೀಲನಿಗೆ ಯಾರೋ ಬಿಟ್ಟುಹೋದ ಫ್ಲಾಸ್ಕು ಸಿಗುತ್ತದೆ. ಅದೇ ಕತೆಯನ್ನು ನಾನು ಹಿಂದಿನ ದಿನ 'ಮೆತ್ತಗೆ' ಎಂದು ತಳ್ಳಿಹಾಕಿದ್ದೆ. ಗಲ್ಲಾದವರು ಏನೂ ವಾದ ಮಾಡಲಿಲ್ಲ. "ಈ ಬೂಟಿನ ಜೋಡಿ ಹುಡುಕ್ಕಂಡು ಯಾರೂ ಬರೂದಿಲ್ಲ, ನಂಗೂ ಗೊತ್ತಿತ್ತ್. ಆದ್ರೆ ಬಿಸಾಡೂಕೆ ಆಗ್ತಿಲ್ಲ ಮಾರಾಯ್ರೆ. ಬರೆದೋರಿಗೆ ಇದು ಗೊತ್ತಿತ್ತ್," ಎಂದರು. ಆಮೇಲೆ ಒಂದು ಮಸಾಲೆ ದೋಸೆ ತರಿಸಿದರು, ಬಿಲ್ಲು ಕೊಡಲಿಲ್ಲ.

ಈಚೆಗೆ ನಮ್ಮ ಗುಂಪಿಗೆ ಬಂದ ಒಬ್ಬ ಹುಡುಗ, ಇಲ್ಲೇ ಹುಟ್ಟಿದವನು, ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಅವನು ಈ ಕತೆಗಳನ್ನು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ ಓದಿಕೊಂಡು ಬಂದ. ಆ ಅನುವಾದಕ್ಕೆ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂದಿದೆ. "ಅಂಕಲ್, ಇದರಲ್ಲಿ ಕನ್ನಡದವರು ಎಲ್ಲಿದ್ದಾರೆ? ಎಲ್ಲ ಬೇರೆಯವರೇ ಅಲ್ಲವಾ?" ಎಂದು ಕೇಳಿದ. ನಮಗೆ ಯಾರಿಗೂ ಇಷ್ಟು ವರ್ಷ ಅದು ಹೊಳೆದೇ ಇರಲಿಲ್ಲ. ದಗಡೂ ಪರಬ, ಇಂದ್ರನೀಲ, ಪೋಪಟ್... ಕನ್ನಡದ ಕತೆಗಾರ ಕನ್ನಡದಲ್ಲೇ ಬರೆದದ್ದು ನೆರೆಮನೆಯವರ ಬಗ್ಗೆ. ಊರಿನ ಲೆಕ್ಕದಲ್ಲಿ ಇದು 'ಹೊರನಾಡ ಸಾಹಿತ್ಯ' ಎಂಬ ಖಾನೆಗೆ ಹೋಗುತ್ತದೆ. ಆ ಖಾನೆಗೆ ಹಾಕಿದ ಕೂಡಲೇ ಅದು ಊರು ಬಿಟ್ಟವರ ದುಃಖದ ಪುಸ್ತಕ ಆಗಿಬಿಡುತ್ತದೆ. ಅದು ತಪ್ಪು. ಇದರಲ್ಲಿ ಊರು ಬಿಟ್ಟ ದುಃಖ ಹುಡುಕಿದರೂ ಸಿಗುವುದು ಕಷ್ಟ.

ಈಗ 'ಮರಳಿ ಮಣ್ಣಿಗೆ'.

1940ರ ದಶಕದ ಆರಂಭದಲ್ಲಿ ಬಂದ ಕಾದಂಬರಿ, ಕೋಡಿಯ ಕಡಲ ತಡಿಯ ಒಂದು ಮನೆತನದ ಮೂರು ತಲೆಮಾರು. ರಾಮ ಐತಾಳರು, ಅವರ ಮಗ ಲಚ್ಚ, ಅವನ ಮಗ ರಾಮ. ಲಚ್ಚ ಇಂಗ್ಲಿಷ್ ಓದಿ ಕೆಟ್ಟು, ಮನೆಯನ್ನೂ ಕೆಡಿಸುತ್ತಾನೆ. ಕಿರಿಯ ರಾಮ ಮದ್ರಾಸಿಗೆ ಓದಲು ಹೋಗಿ, ಸ್ವಾತಂತ್ರ್ಯ ಚಳವಳಿಗೆ ಸೇರಿ, ಮುಂಬಯಿಯಲ್ಲಿ ಕೆಲಸಕ್ಕಾಗಿ ಅಲೆದು, ಕೊನೆಗೆ ಊರಿನ ಮಣ್ಣಿಗೆ ಮರಳುತ್ತಾನೆ. ಇದನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ರಾಮ ಮುಂಬಯಿಯಲ್ಲಿ ಅಲೆಯುವ ಭಾಗ ಬಂದಾಗ ಪುಟ ನಿಧಾನವಾಗಿ ತಿರುವುತ್ತಿದ್ದೆ. ಮುಂದೆ ಅವನು ಊರಿಗೆ ಹೋಗುತ್ತಾನೆ ಎಂದು ಗೊತ್ತಿದ್ದೇ ಓದುವ ಸುಖ ಅದು. ನಾನೂ ಹೋಗುತ್ತೇನೆ, ಇನ್ನು ಐದು ವರ್ಷ, ಲೋನು ತೀರಲಿ, ಮಗಳ ಹತ್ತನೇ ಕ್ಲಾಸು ಮುಗಿಯಲಿ ಎಂದು ನನಗೆ ನಾನೇ ಹೇಳಿಕೊಳ್ಳಲು ಆ ಪುಸ್ತಕ ಅನುಕೂಲವಾಗಿತ್ತು. ನೆಂಟರಲ್ಲಿ ವಿಚಾರಿಸಿ ನೋಡಿದ್ದೇನೆ. ಮುಂಬಯಿಯಲ್ಲಿರುವ ನಮ್ಮ ಕಡೆಯ ಓದುಗರಲ್ಲಿ ಅನೇಕರಿಗೆ ಇದೇ ಪುಸ್ತಕ ಇಷ್ಟ. ಹೆಚ್ಚಿನವರು ಹೆಸರು ಹೇಳುವಾಗಲೇ ಕಣ್ಣು ತೇವ ಮಾಡಿಕೊಳ್ಳುತ್ತಾರೆ. ಎಷ್ಟೋ ಸಲ ಅವರು ಇಷ್ಟಪಡುವುದು ಹೆಸರನ್ನು, ಕಾದಂಬರಿಯನ್ನಲ್ಲ.

ಗಲ್ಲಾದವರ ಮೊದಲ ತಕರಾರು ನನಗೆ ನಗು ತರಿಸಿತು. "ಕಾರಂತ್ರಿಗೆ ಹೋಟ್ಲಿನೋರನ್ನ ಕಂಡ್ರೆ ಎಂತಕ್ಕೋ ಅಷ್ಟಕ್ಕಷ್ಟೆ," ಎಂದರು. ಕಾದಂಬರಿಯಲ್ಲಿ ಐತಾಳರ ನೆರೆಯವರಾದ ಶೀನಮಯ್ಯನ ಮನೆಯವರು ಬೆಂಗಳೂರಿನಲ್ಲಿ ಹೊಟೇಲು ಇಟ್ಟು ದುಡ್ಡು ಮಾಡುತ್ತಾರೆ. ಆ ದುಡ್ಡಿನ ಜಂಬ, ಆ ದುಡ್ಡಿನ ಜತೆಗಿನ ಐತಾಳರ ಪೈಪೋಟಿ ಎಲ್ಲ ಬರುತ್ತದೆ. "ದುಡ್ಡು ಬಂತು ಅಂತ ಬರೀತಾರೆ. ಆ ದುಡ್ಡು ಹ್ಯಾಂಗ್ ಬಂತು? ಬೆಳಿಗ್ಗೆ ನಾಲ್ಕು ಗಂಟಿಗೆ ಎದ್ದು ಒಲೆ ಹಚ್ಚಿದ್ದು ಯಾರು? ಅದು ಇಲ್ಲ. ಗದ್ದೆ ಕೆಲಸ ಒಂದ್ ಕೆಲಸ, ಹೋಟ್ಲಿನ ಕೆಲಸ ಕೆಲಸ ಅಲ್ದಾ?" ನಾನು ಮೊದಲು ಇದನ್ನು ವೃತ್ತಿಯ ಅಭಿಮಾನ ಎಂದುಕೊಂಡೆ. ಮನೆಗೆ ಹೋಗಿ ಆ ಭಾಗಗಳನ್ನು ತೆಗೆದು ನೋಡಿದೆ. ಬೇಸಾಯದ ಬೆವರನ್ನು ಕಾರಂತರು ಇಂಚಿಂಚಾಗಿ ಬರೆಯುತ್ತಾರೆ. ಘಟ್ಟದ ಮೇಲಿನ ಹೊಟೇಲಿನ ಬೆವರು ನಮಗೆ ದೂರದ ಸುದ್ದಿಯಂತೆಯೇ ತಲುಪುತ್ತದೆ. ಕಾದಂಬರಿ ಕೋಡಿಯಲ್ಲಿ ನಿಂತು ಲೋಕವನ್ನು ನೋಡುತ್ತದೆ, ಅದು ಅದರ ಶಕ್ತಿ. ಆದರೆ ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಹಂಚು ಹೊದಿಸಿದ್ದು, ತಂಗಿಯರ ಮದುವೆ ಮಾಡಿದ್ದು ಆ ದೂರದ ಬೆವರು. ಗಲ್ಲಾದವರ ತಂಗಿಯರು ಮೂವರು.

ಎರಡನೆಯ ತಕರಾರು ಅಕ್ಕನದು, 2006ರಲ್ಲಿ. ಅವರು ಧಾರವಾಡದವರು, ಕೋಟ ಕುಂದಾಪುರದ ಮಾತು ಅವರಿಗೆ ತೊಡಕು. ಎರಡು ತಿಂಗಳು ಪುಸ್ತಕ ಇಟ್ಟುಕೊಂಡರು. ತಂದು ಕೊಡುವಾಗ, "ನೀವು ಇದನ್ನ ರಾಮನ ಕತಿ ಅಂದಿದ್ರಿ. ನಾ ಓದಿದ್ದು ಬ್ಯಾರೆ ಪುಸ್ತಕ ಏನೋ ಅನಸ್ತು. ನನಗ ರಾಮ ಕಡೀಕೆ ಬಂದು ಹೋದಂಗಾತು. ಪಾರೋತಿ, ಸರಸೋತಿ, ನಾಗವೇಣಿ, ಇವರದರಿ ಕತಿ. ಇವರು ಮನಿ ಬಿಟ್ಟು ಹೋಗ್ಲಿಲ್ಲ, ಅದಕ್ಕ ಅವಗ ಮರಳಿ ಬರಲಿಕ್ಕೆ ಒಂದು ಮನಿ ಇತ್ತು. ಮರಳಿ ಬಂದಾವ್ನ ಹೆಸರಿಗೆ ಪುಸ್ತಕ. ಅಲ್ಲೇ ಇದ್ದವರಿಗೆ?"

ನಾನು ತಕ್ಷಣ ವಾದಕ್ಕಿಳಿದೆ. ಕಾರಂತರು ಆ ಹೆಂಗಸರನ್ನು ಎಷ್ಟು ಪ್ರೀತಿಯಿಂದ ಬರೆದಿದ್ದಾರೆ ನೋಡಿ, ವಿಧವೆ ಸರಸೋತಿಯ ಗಟ್ಟಿತನ ನೋಡಿ, ಮಕ್ಕಳಿಲ್ಲವೆಂದು ಗಂಡ ಇನ್ನೊಂದು ಮದುವೆಯಾದಾಗ ಪಾರೋತಿ ಅದನ್ನು ನುಂಗುವುದನ್ನು ನೋಡಿ, ಎಂದೆಲ್ಲ. "ಅದನ್ನಽ ನಾನೂ ಹೇಳಾಕತ್ತೇನಲ್ರಿ," ಎಂದರು ಅಕ್ಕ. "ಕಾರಂತರು ಬರದಾರ. ನೀವು ಓದಿಲ್ಲ."

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇಲ್ಲದ್ದಕ್ಕೆ ಬೇರೊಂದು ಕಾರಣ ಇತ್ತು, ಅದನ್ನು ಅವರಿಗೆ ಆ ಹೊತ್ತು ಹೇಳಲಿಲ್ಲ.

ನನ್ನ ಅಪ್ಪ 1988ರಲ್ಲಿ ಹೋದರು. ಅಮ್ಮ ಊರ ಮನೆಯಲ್ಲಿ ಒಬ್ಬರೇ ಇದ್ದರು. ಮುಂಬಯಿಗೆ ಕರೆದರೆ ಹದಿನೈದು ದಿನ ಇದ್ದು, ಕೆಸುವಿನ ಎಲೆಗೆ ಇಲ್ಲಿ ದುಡ್ಡು ಕೊಡಬೇಕಲ್ಲ ಎಂದು ಸಂಕಟಪಟ್ಟು, ವಾಪಸು ಹೊರಡುತ್ತಿದ್ದರು. ನಾನು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಹೋಗುತ್ತಿದ್ದೆ. ಆಗ ಬಸ್ಸು, ಒಂದು ಹಗಲು ಒಂದು ರಾತ್ರಿಯ ಪ್ರಯಾಣ, ಹೆಚ್ಚು ಸಲ ಆಗುವುದಿಲ್ಲ ಎಂಬ ನೆಪ ಇತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಯಿತು. ರಾತ್ರಿ ಮಲಗಿ ಎದ್ದರೆ ಊರು ಹತ್ತಿರ. ಆ ಮೇಲೂ ನಾನು ವರ್ಷಕ್ಕೊಮ್ಮೆಯೇ ಹೋದೆ.

1999ರ ಮೇ ತಿಂಗಳಲ್ಲಿ 'ಮರಳಿ ಮಣ್ಣಿಗೆ' ನನ್ನ ಚೀಲದಲ್ಲಿತ್ತು. ಅಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಮಧ್ಯಾಹ್ನ ಜಗಲಿಯಲ್ಲಿ ಕೂತು, ಅಕ್ಷರಕ್ಕೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದತೊಡಗಿದರು. ನನ್ನ ರಜೆ ಮುಗಿಯುವಷ್ಟರಲ್ಲಿ ಕಾಲು ಭಾಗ ಆಗಿತ್ತು. ಇಟ್ಟುಕೋ ಎಂದೆ, ಬೇಡ ಎಂದರು. ಪುಸ್ತಕ ಕೈಗೆ ಕೊಡುತ್ತ, "ಈ ಸರಸೋತಿ ಒಬ್ಳು ಇಲ್ದಿದ್ರೆ ಆ ಮನೆ ಎಲ್ಲಿರ್ತಿತ್ತ್?" ಎಂದರು. ನಾನು ಚೀಲದ ಜಿಪ್ಪು ಎಳೆಯುತ್ತಿದ್ದೆ. ಹೂಂ ಎಂದೆ.

ಅಮ್ಮ 2003ರಲ್ಲಿ ತೀರಿಕೊಂಡರು. ಅಕ್ಕ ಅದೇ ಮಾತನ್ನು ತಮ್ಮ ಧಾರವಾಡದ ಕನ್ನಡದಲ್ಲಿ ಹೇಳುವವರೆಗೆ ನನಗೆ ಆ ಹೂಂ ನೆನಪೇ ಆಗಿರಲಿಲ್ಲ.

ಆ ಮೇಲೆ ಕಾದಂಬರಿಯನ್ನು ಮತ್ತೊಮ್ಮೆ ಓದಿದೆ. ಈ ಸಲ ರಾಮನನ್ನು ಬಿಟ್ಟು ಓದಲು ಪ್ರಯತ್ನಿಸಿದೆ. ಗಂಡಸರು ಮನೆಯಿಂದ ಹೊರಗೆ ಹೋಗಿ ಬರುತ್ತಿರುತ್ತಾರೆ, ಪುರೋಹಿತಿಕೆಗೆ, ಶಾಲೆಗೆ, ಜೂಜಿಗೆ, ಚಳವಳಿಗೆ. ಹೆಂಗಸರು ಗದ್ದೆಗೆ ಹೋಗುತ್ತಾರೆ, ಸೌದೆ ತರುತ್ತಾರೆ, ಮಳೆಗೆ ಮುಂಚೆ ಮಾಡುವ ಕೆಲಸ ಮಾಡುತ್ತಾರೆ. ಕಾರಂತರು ಈ ಕೆಲಸಗಳಿಗೆ ಒಂದು ಹೊಗಳಿಕೆಯ ಮಾತನ್ನೂ ಸೇರಿಸುವುದಿಲ್ಲ, ಸುಮ್ಮನೆ ದಾಖಲಿಸುತ್ತ ಹೋಗುತ್ತಾರೆ. ಹಾಗಾಗಿಯೇ ಅದು ನನ್ನ ಕಣ್ಣು ತಪ್ಪಿಸಿಕೊಂಡಿತ್ತು ಎಂದು ಹೇಳಿದರೆ ಅದು ಇನ್ನೊಂದು ನೆಪ. ನನಗೆ ಬೇಕಾದದ್ದು ಊರಿಗೆ ಮರಳುವ ಕತೆ, ಅದನ್ನು ಮಾತ್ರ ಓದಿಕೊಂಡೆ. ಹೊರನಾಡಿನ ನಾವು ನಮ್ಮ ಮೆಚ್ಚಿನ ಪುಸ್ತಕಗಳ ಪಟ್ಟಿ ಕೊಟ್ಟಾಗ ದಯವಿಟ್ಟು ಪೂರ್ತಿ ನಂಬಬೇಡಿ. ಅದರಲ್ಲಿ ಅರ್ಧ ಪುಸ್ತಕದ ಗುಣ, ಅರ್ಧ ನಾವು ಕೊಡದೆ ಉಳಿಸಿಕೊಂಡ ಬಾಕಿ.

ಹಾಗಂತ ಆ ಪುಸ್ತಕದ ಸ್ಥಾನ ಇಳಿಯಿತೇ? ಇಲ್ಲ. ರಾಮನ ಕತೆಯಾಗಿ ನೋಡಿದರೆ 'ಮರಳಿ ಮಣ್ಣಿಗೆ' ಸ್ವಲ್ಪ ಆದರ್ಶದ ಕಡೆ ವಾಲಿದ ಕಾದಂಬರಿ. ಕೊನೆಯ ಭಾಗದಲ್ಲಿ ಬರೆದವರ ಇಚ್ಛೆಯೇ ಪಾತ್ರದ ಕೈ ಹಿಡಿದು ನಡೆಸಿದಂತೆ ಕಾಣುತ್ತದೆ. ಸರಸೋತಿ, ಪಾರೋತಿ, ನಾಗವೇಣಿಯರ ಕತೆಯಾಗಿ ನೋಡಿದರೆ ಅದರಷ್ಟು ಕಟುವಾದದ್ದು ಕನ್ನಡದಲ್ಲಿ ಕಡಿಮೆ. ಒಂದೇ ಪುಸ್ತಕದಲ್ಲಿ ಎರಡೂ ಇವೆ. ನಾನು ಚಿಕ್ಕದನ್ನು ಇಪ್ಪತ್ತು ವರ್ಷ ಇಷ್ಟಪಟ್ಟೆ.

ಮಾಸ್ತರರು 2011ರಲ್ಲಿ ಹೋದರು. ಅಕ್ಕ ಮಗನ ಜತೆ ಪುಣೆಗೆ ಹೋದರು, ಅಲ್ಲಿಂದ ಫೋನು ಮಾಡಿ ಯಾವ ಪುಸ್ತಕ ಓದಿದಿರಿ ಎಂದು ಗದರಿಸಿ ಕೇಳುತ್ತಿರುತ್ತಾರೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಗಲ್ಲಾದವರ ಹೊಟೇಲು ಮುಚ್ಚಿತು, ಆಮೇಲೆ ತೆರೆಯಲೇ ಇಲ್ಲ. ಅವರು ಜೂನಿನಲ್ಲಿ ಊರಿಗೆ ಹೋದವರು ಅಲ್ಲೇ ಉಳಿದರು. ಮರಳುವ ಕತೆಗೆ ಮೂಗು ಮುರಿದ ಮನುಷ್ಯ ಮರಳಿದರು, ನಾನು ಇನ್ನೂ ಡೊಂಬಿವಲಿಯಲ್ಲೇ ಇದ್ದೇನೆ. ಮಗಳು, ಮೊಮ್ಮಗು ಇಲ್ಲಿ. ಊರ ಮನೆಯ ಬೀಗದ ಕೈ ಕಪಾಟಿನಲ್ಲಿದೆ.

ಹೋದ ವರ್ಷ ವಹಿ ತಿರುವುತ್ತಿದ್ದಾಗ 'ಮರಳಿ ಮಣ್ಣಿಗೆ' ಅವರ ಹೆಸರಿನಲ್ಲೇ ಇರುವುದು ಕಂಡಿತು, ಫೆಬ್ರವರಿ 2020. ಫೋನು ಮಾಡಿದೆ.

"ಹೌದ್ ಮಾರಾಯ್ರೆ, ನನ್ನ ಹತ್ರವೇ ಇತ್ತ್. ಬಟ್ಟೆ ಗಂಟಿನಲ್ಲಿ ಬಂತ್. ಇಲ್ಲಿ ಬಂದು ಮತ್ತೆ ಓದ್ದೆ," ಎಂದರು.

ಈಗ ಹೇಗನಿಸಿತು ಎಂದು ಕೇಳಿದೆ. ಇಷ್ಟವಾಯಿತು ಅನ್ನುತ್ತಾರೆ ಎಂದುಕೊಂಡಿದ್ದೆ.

"ಒಂದ್ ತಕರಾರು ಇತ್ತ್. ಊರಿಗೆ ಬಂದ ಮೇಲೆ ಎಂತ ಆತ್ತ್ ಅಂತ ಕಾರಂತ್ರು ಜಾಸ್ತಿ ಬರೀಲೇ ಇಲ್ಲ ಕಾಣಿ. ನಿಜವಾದ ಕಷ್ಟ ಶುರುವಾಪ್ದು ಅಲ್ಲೇ. ನಂಗೆ ಇಲ್ಲಿ ಯಾರ ಹತ್ರ ಮಾತಾಡ್ಕ್ ಅಂತಲೇ ಗೊತ್ತಾತಿಲ್ಲ. ಎಲ್ರೂ 'ಮುಂಬಯಿ ಶೆಟ್ರು ಬಂದ್ರು' ಅಂತಾರೆ."

ನೀವೇ ಬರೆಯಿರಿ ಎಂದೆ. ಗಲ್ಲಾದ ಲೆಕ್ಕ ಬಿಟ್ಟು ಬೇರೆ ಏನೂ ಬರೆದವನಲ್ಲ ಎಂದು ನಕ್ಕರು. ಪುಸ್ತಕ ವಾಪಸು ಕಳಿಸಲೇ ಎಂದು ಕೇಳಿದರು. ಅವರ ಸೊಸೆ ಅದನ್ನು ಓದುತ್ತಿದ್ದಾಳಂತೆ, ಅರ್ಧಕ್ಕೆ ಬಂದಿದ್ದಾಳಂತೆ. ಇರಲಿ, ಅವಳು ಮುಗಿಸಿ ಏನು ಹೇಳುತ್ತಾಳೋ ಅದನ್ನು ನನಗೆ ಹೇಳಿ ಎಂದೆ. "ಅದರ ಬದಲಿಗೆ ಆ ಶಿಕಾರಿ ಒಂದ್ ಕಳ್ಸಿ. ಈಗ ಕಂಡ್ರೆ ಹ್ಯಾಂಗಿತ್ತೋ ಕಾಂಬ," ಎಂದರು. ನನ್ನ ಪ್ರತಿಯ ಬೆನ್ನು ಬಿಟ್ಟಿದೆ. ಅಂಟು ಹಾಕಿ, ಕಾಗದ ಸುತ್ತಿ, ವಹಿಯಲ್ಲಿ ಅವರ ಹೆಸರಿನ ಮುಂದೆ ತಾರೀಖು ಬರೆದು, ಮರುದಿನ ಅಂಚೆಗೆ ಹಾಕಿದೆ.